ಕಮಲಮ್ಮನ ಮಗ್ಗದ ಗುಂಡಿ

ರಾಗಿ ಮೆದೆಯನ್ನು ಮನೆಯ ಹಿಂದೆಯೇ ಹಾಕೋಣ ಎಂದವಳು ಕಮಲಮ್ಮನೇ. ಆಮೇಲೆ ಎಷ್ಟೋ ದಿನ ಅವಳು ತಾನಾಡಿದ ಆ ಒಂದು ಮಾತನ್ನು ನೆನೆದು ನೆನೆದು ನಡುಗಿದ್ದಾಳೆ.

ದೊಮ್ಮಸಂದ್ರ ದಾಟಿ ಒಳಕ್ಕೆ ತಿರುಗಿದರೆ ಸಿಗುವ ಅರವತ್ತು ಮನೆಯ ಊರು ಅವಳದು. ಎರಡು ಸಾವಿರದ ಒಂಬತ್ತರ ಹೊತ್ತಿಗೆ ಊರಿನ ಮೂರು ದಿಕ್ಕಿಗೂ ಲೇಔಟಿನ ಕಲ್ಲು ನೆಟ್ಟಾಗಿತ್ತು. ಅವಳ ಗಂಡ ಆವಲಪ್ಪ ಮಾತ್ರ ತನ್ನ ಒಂದೂಕಾಲು ಎಕರೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಮಳೆ ಹಿಡಿದರೆ ರಾಗಿ, ರಾಗಿಯ ನಡುನಡುವೆ ಅವರೆ ಸಾಲು. ಮನೆಯೊಳಗೆ ನಡುಕೋಣೆಯಲ್ಲಿ ಒಂದು ಗುಂಡಿ ಮಗ್ಗ. ನೆಲದಲ್ಲಿ ಸೊಂಟದಾಳ ಗುಂಡಿ ತೋಡಿ, ಅದರ ಅಂಚಿಗೆ ಕೂತು ಕಾಲು ಇಳಿಬಿಟ್ಟು, ಒಳಗಿರುವ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ ನೇಯುವ ಹಳೇ ಕಾಲದ ಮಗ್ಗ ಅದು. ಅತ್ತೆ ರಾಮಮ್ಮ ಅದರಲ್ಲಿ ನಲವತ್ತು ವರ್ಷ ನೇಯ್ದು, ಕಣ್ಣು ಮಂಜಾದ ಮೇಲೆ ಸೊಸೆಗೆ ಬಿಟ್ಟುಕೊಟ್ಟಿದ್ದಳು.

ಎರಡು ಕೆಲಸವೂ ವರ್ಷದ ಬಹುಪಾಲು ಜಗಳವಿಲ್ಲದೆ ಒಟ್ಟಿಗೆ ಸಾಗುತ್ತಿದ್ದವು. ಬಿತ್ತನೆಯ ವಾರ ಮಗ್ಗಕ್ಕೆ ರಜೆ, ಕಳೆ ಕೀಳುವಾಗ ಅರ್ಧ ದಿನ ಹೊಲ ಅರ್ಧ ದಿನ ಮಗ್ಗ, ಜಡಿಮಳೆ ಹಿಡಿದರೆ ಇಡೀ ದಿನ ಮಗ್ಗ. ಕಷ್ಟವೆಲ್ಲ ಬರುತ್ತಿದ್ದದ್ದು ಕುಯ್ಲಿಗೆ. ರಾಗಿ ಹಣ್ಣಾಗುವ ಹೊತ್ತಿಗೇ ಮದುವೆಯ ಸೀರೆಗಳೂ ಬರುತ್ತಿದ್ದವು. ಬೆಳಗ್ಗೆ ಕುಡುಗೋಲು ಹಿಡಿದ ಕೈ ಮಧ್ಯಾಹ್ನ ರೇಷ್ಮೆ ಮುಟ್ಟಬೇಕು. ರಾಗಿ ಹುಲ್ಲು ಅಂಗೈಯನ್ನು ಗೀರಿ ಗೀರಿ ಒರಟು ಮಾಡುತ್ತದೆ, ಒರಟು ಕೈಗೆ ರೇಷ್ಮೆಯ ಎಳೆ ಸಿಕ್ಕಿ ಏಳುತ್ತದೆ. ಹಾಗಾಗಿ ಕಮಲಮ್ಮ ಹೊಲದಿಂದ ಬಂದವಳೇ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಅಕ್ಕಿ ಹಿಟ್ಟಿನಲ್ಲಿ ಉಜ್ಜಿ ತೊಳೆದು, ಕೆನ್ನೆಗೆ ಒತ್ತಿ ನೋಡಿಕೊಂಡು, ಆಮೇಲೆ ಮಗ್ಗಕ್ಕೆ ಕೂರುತ್ತಿದ್ದಳು.

ಪ್ರತಿ ವರ್ಷ ಮೆದೆ ಹಾಕುತ್ತಿದ್ದದ್ದು ಹೊಲದ ಪಕ್ಕದ ಕಣದಲ್ಲಿ. ಆ ವರ್ಷ ಕಣವಿದ್ದ ಜಮೀನು ಮಾರಾಟವಾಗಿ, ದಸರಾ ಕಳೆದ ಮೇಲೆ ಜೆಸಿಬಿ ಬಂದು ಬೇಲಿ, ಬಿದಿರು ಮೆಳೆ, ಹುತ್ತ ಎಲ್ಲವನ್ನೂ ಬಗೆದು ಸಮ ಮಾಡಿತು. ಕುಯ್ದ ರಾಗಿ ಎಲ್ಲಿ ಒಟ್ಟುವುದು ಎಂದು ಆವಲಪ್ಪ ತಲೆ ಕೆರೆದುಕೊಂಡಾಗ ಕಮಲಮ್ಮ ಅಂದಳು: "ಮನೆ ಇಂದ್ಗಡೆನೇ ಒಟ್ಟಿ. ನಾನ್ ಮಗ್ಗದಾಗ್ ಕುಂತಂಗೇ ದನ ಬಂದ್ರೆ ಗದರ್ಬೋದು, ಮೋಡ ಆದ್ರೆ ಟಾರ್ಪಾಲ್ ಒದಿಸ್ಬೋದು. ಅತ್ತಾಗೂ ಇತ್ತಾಗೂ ಓಡಾಡಾದ್ ತಪ್ತದೆ."

ಮಾತು ಸರಿಯಾಗಿಯೇ ಇತ್ತು. ಮೆದೆ ಮಗ್ಗದ ಕೋಣೆಯ ಹಿಂಗೋಡೆಗೆ ಆತುಕೊಂಡು ಎದ್ದಿತು. ವಾರದೊಳಗೆ ಅದಕ್ಕೆ ಇಲಿ ಬಂದವು. ಗೋಡೆಯ ಬುಡದಲ್ಲಿ ಮಣ್ಣು ಉದುರಿ ಕೋಣೆಯೊಳಕ್ಕೇ ಮುಷ್ಟಿಯಗಲದ ಬಿಲವಾದದ್ದನ್ನು ಕಮಲಮ್ಮ ನೋಡಿದ್ದಳು. ಸೀರೆ ಮುಗಿದ ಮೇಲೆ ಮುಚ್ಚಿದರಾಯಿತು ಎಂದುಕೊಂಡಿದ್ದಳು.

ಅವತ್ತು ಬುಧವಾರ. ಹನ್ನೊಂದು ಗಂಟೆಯ ಹೊತ್ತು. ಆವಲಪ್ಪ ಹೊಲದಲ್ಲಿ ಅವರೆ ಬಿಡಿಸುತ್ತಿದ್ದ. ರಾಮಮ್ಮ ಹೊರಗೆ ಜಗಲಿಯಲ್ಲಿ ರಾಟೆ ಮುಂದಿಟ್ಟುಕೊಂಡು ಲಾಳಿಗೆ ತುಂಬುವ ಕಂಡಿಕೆ ಸುತ್ತುತ್ತಿದ್ದಳು. ಕರೆಂಟು ಹೋಗಿತ್ತು, ಹೆಂಚಿನ ನಡುವೆ ಕೂರಿಸಿದ ಗಾಜಿನಿಂದ ಬರುವಷ್ಟೇ ಬೆಳಕು. ಕಮಲಮ್ಮ ಎಡಗಾಲಿನ ಹಲಗೆ ತುಳಿದು, ಲಾಳಿ ಎಸೆದು, ಬಡಿದು, ಇನ್ನೇನು ಬಲಗಾಲು ಒತ್ತಬೇಕು, ಎಡಪಾದದ ಮೇಲೆ ಏನೋ ಬಂತು.

ತಣ್ಣಗಿತ್ತು. ಭಾರವಾಗಿತ್ತು. ಹಗ್ಗ ಬಿಚ್ಚಿ ಬಿತ್ತೇನೋ ಎಂದು ಮೊದಲು ಅನ್ನಿಸಿತು. ಆದರೆ ಹಗ್ಗ ಹರಿಯುವುದಿಲ್ಲ. ಇದು ಹರಿಯುತ್ತಿತ್ತು, ಅವಸರವಿಲ್ಲದೆ, ಪಾದದ ಒಂದು ಬದಿಯಿಂದ ಇನ್ನೊಂದು ಬದಿಗೆ.

ಕಮಲಮ್ಮ ಮಡಿಲಿಗೂ ಮಗ್ಗದ ಮರಕ್ಕೂ ನಡುವಿನ ಸಂದಿಯಲ್ಲಿ ಕಣ್ಣು ಇಳಿಸಿದಳು. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕಂಡಿತು. ಒಣಮಣ್ಣಿನ ಬಣ್ಣದ ಮೈ, ಅದರ ಮೇಲೆ ಸರಪಳಿಯಂತೆ ಒಂದರ ಹಿಂದೊಂದು ಕಂದು ಉಂಗುರ. ಮಂಡಲದ ಹಾವು. ಮಾವನನ್ನು ಕೊಂದ ಜಾತಿ. ಅವಳು ಈ ಮನೆಗೆ ಸೊಸೆಯಾಗಿ ಬರುವುದಕ್ಕೆ ಆರು ವರ್ಷ ಮುಂಚೆ, ಇದೇ ಕುಯ್ಲಿನ ಕಾಲದಲ್ಲಿ, ಹೊಲದಲ್ಲಿ ಕಡಿಸಿಕೊಂಡು ನಾಲ್ಕನೇ ದಿನ ಅವರು ತೀರಿಹೋಗಿದ್ದರು. ಅದಕ್ಕಿಂತ ಹೆಚ್ಚು ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಹಾವು ಪಾದ ದಾಟಿ ಬಲಗಡೆಯ ಹಲಗೆಯ ಅಡಿಗೆ ಹೋಗಿ ಸುತ್ತಿಕೊಂಡಿತು. ಕಮಲಮ್ಮನ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ, ಆ ಬಡಿತ ಕಾಲಿಗಿಳಿದು ಹಲಗೆ ಅಲುಗೀತು ಎಂದು ಅವಳಿಗೆ ಭಯವಾಯಿತು. ಓಡುವ ಹಾಗಿಲ್ಲ. ಎರಡು ಹಲಗೆಗಳೂ ಮೇಲಿನ ಚೌಕಟ್ಟಿಗೆ ಹುರಿಯಿಂದ ಕಟ್ಟಿದ ತಕ್ಕಡಿಯಿದ್ದಂತೆ. ಎಡಗಾಲು ಎತ್ತಿದರೆ ಎಡ ಹಲಗೆ ಏಳುತ್ತದೆ, ಬಲ ಹಲಗೆ ಇಳಿಯುತ್ತದೆ, ಹಾವಿನ ಬೆನ್ನ ಮೇಲೆ. ಒತ್ತಿ ಹಿಡಿದಿರುವ ತನಕ ಮಾತ್ರ ಅದು ಸುಮ್ಮನಿರುತ್ತದೆ.

ಒತ್ತಿ ಹಿಡಿದಳು. ಕೂಗಿದರೂ ರಾಮಮ್ಮನಿಗೆ ಕೇಳಿಸುತ್ತಿರಲಿಲ್ಲ, ಅವಳ ಕಿವಿ ಮಂದವಾಗಿ ಹತ್ತು ವರ್ಷವಾಗಿತ್ತು. ಹೊರಗೆ ರಾಟೆ ಗಿರ್ರನೆ ತಿರುಗುತ್ತಲೇ ಇತ್ತು. ಎಡಮೀನಖಂಡದಲ್ಲಿ ಸಣ್ಣಗೆ ನಡುಕ ಶುರುವಾಯಿತು. ಬೆವರು ಹುಬ್ಬಿನಿಂದ ಇಳಿದು ಕಣ್ಣು ಉರಿಯಿತು. ಒರೆಸಿಕೊಳ್ಳಲಿಲ್ಲ.

ರಾಟೆ ನಿಂತಿತು.

ರಾಮಮ್ಮನಿಗೆ ಮಾತು ಕೇಳದಿದ್ದರೂ ಮಗ್ಗ ಕೇಳುತ್ತಿತ್ತು, ಕಿವಿಗಲ್ಲ, ಕೂತ ಕಲ್ಲಿಗೆ. ಬಡಿತ ಜಗಲಿಯ ಚಪ್ಪಡಿಗೆ ಬರುತ್ತಿತ್ತು. ಅದು ಇಷ್ಟು ಹೊತ್ತು ಬರಲಿಲ್ಲವೆಂದು ಮುದುಕಿ ಎದ್ದು, ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಳು.

"ಯಾಕಮ್ಮಿ ನಿಲ್ಸ್‌ಬುಟ್ಟೆ? ಎಳೆ ಕಡೀತಾ?"

ಕಮಲಮ್ಮ ತಲೆ ಅಲುಗಿಸಲಿಲ್ಲ. ತುಟಿ ಮಾತ್ರ ಆಡಿಸಿದಳು. "ಆವು."

ಮುದುಕಿಗೆ ಹತ್ತಿರದ ಎಳೆ ಮಂಜು, ದೂರದ್ದು ಕಾಣುತ್ತಿತ್ತು, ಕಿವಿ ಮಂದವಾದಾಗಿನಿಂದ ಜನರ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದಳು. ಹತ್ತಿರ ಬರಲು ಎತ್ತಿದ ಕಾಲನ್ನು ಅಲ್ಲೇ ಮೆಲ್ಲಗೆ ಇಳಿಸಿದಳು. ಕಿರುಚುತ್ತಾಳೆ, ಈಗ ಕಿರುಚಿಯೇ ಬಿಡುತ್ತಾಳೆ ಎಂದು ಕಮಲಮ್ಮ ಕಣ್ಣು ಮುಚ್ಚಿದಳು. ರಾಮಮ್ಮ ಕಿರುಚಲಿಲ್ಲ.

"ಗುಂಡಿಯಾಗಾ?"

ಕಮಲಮ್ಮನ ರೆಪ್ಪೆ ಹೌದೆಂದಿತು.

"ಬಲಕ್ಕಾ ಎಡಕ್ಕಾ?"

"ಬಲ." ತುಟಿ.

ನಲವತ್ತು ವರ್ಷ ಅದೇ ಹಲಗೆ ತುಳಿದವಳಿಗೆ ಮುಂದಿನದನ್ನು ಹೇಳಬೇಕಾಗಿರಲಿಲ್ಲ. ಗೋಡೆಯ ಮಗ್ಗುಲಲ್ಲೇ ಸುತ್ತು ಹಾಕಿ ಮಗ್ಗದ ಆಚೆ ಬದಿಗೆ ಬಂದಳು. ಮೇಲೆ ತೂಗುವ ಚೌಕಟ್ಟಿನ ಹುರಿಗಳನ್ನು ಕೈಯಿಂದ ತಡವಿ, ಎಡ ಹಲಗೆಯದು ಯಾವುದೆಂದು ಗುರುತು ಹಿಡಿದು, ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಕೆಳಕ್ಕೆ ಎಳೆದು ಹಿಡಿದಳು.

"ನಾನ್ ಇಡ್ಕೊಂಡಿವ್ನಿ. ಅಲ್ಗೆ ಏಳಾಕಿಲ್ಲ. ಈಗ ಕಾಲು ಸಡ್ಲ ಬುಡು. ಒಂದೇ ಸಲ ಅಲ್ಲ. ಅಂಗೇ... ಅಂಗೇ... ಮೊದ್ಲು ಎಡಗಾಲು."

ಕಮಲಮ್ಮ ಕಾಲಿನ ಭಾರ ತೆಗೆದಳು. ಹಲಗೆ ಏಳಲಿಲ್ಲ. ಮುದುಕಿಯ ಮೊಣಕೈ ಗಡಗಡ ನಡುಗುತ್ತಿದ್ದದ್ದು ಕಂಡಿತು. ಎಡಗಾಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲಕ್ಕೆಳೆದು ಅಂಚಿಗೆ ತಂದಳು. ಕೆಳಗಿನಿಂದ ಬುಸ್ಸೆಂದು ದೀರ್ಘವಾದ ಉಸಿರು ಹೊರಟಿತು, ಕುಕ್ಕರಿನ ಹಬೆ ಬಿಟ್ಟಂತೆ, ನಿಲ್ಲದೆ.

"ನಿಲ್ಲು," ಅಂದಳು ರಾಮಮ್ಮ. ಬುಸುಗುಟ್ಟಿದ್ದು ಅವಳಿಗೆ ಕೇಳಿಸಿರಲಿಲ್ಲ. ಸೊಸೆಯ ಕುತ್ತಿಗೆಯ ನರ ಬಿಗಿದದ್ದನ್ನು ನೋಡಿ ಅಂದಿದ್ದಳು. ಇಬ್ಬರೂ ಹಾಗೇ ನಿಂತರು, ಒಬ್ಬಳು ಹುರಿ ಹಿಡಿದು, ಒಬ್ಬಳು ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ. ಹಬೆ ತಗ್ಗಿತು.

"ಈಗ ಇನ್ನೊಂದ್ನ ತಕ್ಕೋ, ನನ್ನವ್ವ. ನನ್ ಮಕ ನೋಡ್ತಾ ತಕ್ಕೋ."

ಬಲಗಾಲು ಹೇಗೆ ಬಂತೋ ಕಮಲಮ್ಮನಿಗೆ ಇವತ್ತಿಗೂ ನೆನಪಿಲ್ಲ. ಬಾಗಿಲಾಚೆ ಜಗಲಿಯ ಮೇಲೆ ಕೈಕಾಲು ಚೆಲ್ಲಿ ಬಿದ್ದಿದ್ದಳು, ಪಕ್ಕದ ಮನೆಯ ಗೌರಮ್ಮ "ಅಯ್ಯೋ, ಅಯ್ಯೋ" ಎನ್ನುತ್ತ ನೀರು ಹಿಡಿದಿದ್ದಳು, ಅಷ್ಟು ಮಾತ್ರ ಗೊತ್ತು.

ಗೌರಮ್ಮನ ಮಗಳು ಓಡಿಹೋಗಿ ಹೊಲದಿಂದ ಆವಲಪ್ಪನನ್ನೂ, ಲೇಔಟಿನ ಗೇಟಿನಿಂದ ವಾಚ್‌ಮನ್ ಈಶಪ್ಪನನ್ನೂ ಕರೆತಂದಳು. ಈಶಪ್ಪ ಬಾಗಲಕೋಟೆ ಕಡೆಯವನು. ಜೆಸಿಬಿ ಎಬ್ಬಿಸಿದ ಹಾವುಗಳನ್ನೆಲ್ಲ ಅವನೇ ಹಿಡಿಯುತ್ತಿದ್ದನೆಂದು ಊರಿಗೆ ಗೊತ್ತಿತ್ತು. ತುದಿ ಬಗ್ಗಿಸಿದ ಕಬ್ಬಿಣದ ಸರಳು, ಮುಚ್ಚಳವಿರುವ ಪೇಂಟಿನ ಡಬ್ಬಿ ಹಿಡಿದು ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಹೊರಗೆ ಬಂದ. ಡಬ್ಬಿಯೊಳಗಿಂದ ಅದೇ ಹಬೆಯ ಸದ್ದು ಬರುತ್ತಿತ್ತು.

"ಮಂಡಲನ ಐತ್ರಿ. ಗುಂಡ್ಯಾಗ ಬಿದ್ದೈತಿ, ಮ್ಯಾಲ ಹತ್ತಾಕ ಆಗಿಲ್ಲ ಅದಕ್ಕ. ಕಡದೈತೇನ್ರಿ ಅವ್ವಾರಿಗೆ?"

ಆಗಲೇ ಎಲ್ಲರೂ ಕಮಲಮ್ಮನ ಕಾಲು ನೋಡಿದ್ದು. ಎರಡು ವಾರ ಕುಯ್ದುಳಿದ ರಾಗಿ ಕೂಳೆಯ ನಡುವೆ ಓಡಾಡಿದ ಕಾಲು, ಗೀರು ಗಾಯಗಳಿಲ್ಲದ ಜಾಗವೇ ಇರಲಿಲ್ಲ. ಎಡ ಹಿಮ್ಮಡಿಯ ಮೇಲೆ ಎರಡು ಕೆಂಪು ಚುಕ್ಕೆ ಅಕ್ಕಪಕ್ಕ ಕೂತಿದ್ದವು.

"ಇದು ಕೂಳೆ ಚುಚ್ಚಿದ್ದು," ಅಂದಳು ಕಮಲಮ್ಮ. ಆದರೆ ಯಾವತ್ತು ಚುಚ್ಚಿದ್ದೆಂದು ಅವಳಿಗೆ ಹೇಳಲು ಬರಲಿಲ್ಲ. "ನೋವಿಲ್ಲ," ಅಂದಳು. ಅಂದ ಕೂಡಲೇ ನೋವಿದೆ ಅನ್ನಿಸಿತು.

ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಬರಬೇಡ ಎಂದರೂ ಕೇಳದೆ ರಾಮಮ್ಮ ಹತ್ತಿ ಕೂತಳು. ದಾರಿಯುದ್ದಕ್ಕೂ ಕಮಲಮ್ಮ ತನ್ನ ಮೈಯ ಒಳಗನ್ನೇ ಕೇಳಿಸಿಕೊಳ್ಳುತ್ತಿದ್ದಳು. ನಾಲಿಗೆ ದಪ್ಪವಾಯಿತೇ? ಕಣ್ಣು ಮಂಕಾಯಿತೇ? ವಸಡಿನಲ್ಲಿ ರಕ್ತ ಬರುತ್ತದಂತೆ ಎಂದು ಯಾರೋ ಹಿಂದೆ ಹೇಳಿದ್ದು ನೆನಪಾಗಿ, ಸೆರಗಿನ ತುದಿಯಿಂದ ಹಲ್ಲು ಒರೆಸಿ ಒರೆಸಿ ನೋಡಿಕೊಂಡಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಲು ನೋಡಿ, ತೋಳಿನಿಂದ ಸ್ವಲ್ಪ ರಕ್ತ ತೆಗೆದು ಗಾಜಿನ ನಳಿಗೆಗೆ ಹಾಕಿ ಮೇಜಿನ ಮೇಲೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿದಳು.

"ಇಪ್ಪತ್ತು ನಿಮಿಷ ಇದನ್ನ ಯಾರೂ ಮುಟ್ಬಾರ್ದು ಅಮ್ಮ. ಆಮೇಲೆ ಬಗ್ಗಿಸ್ತೀನಿ. ರಕ್ತ ಗಟ್ಟಿಯಾಗಿದ್ರೆ ಒಳ್ಳೇದು. ನೀರಿನ ಥರ ಹರಿದ್ರೆ ವಿಷ ಏರಿದೆ ಅಂತ, ತಕ್ಷಣ ಇಂಜೆಕ್ಷನ್ ಶುರು ಮಾಡ್ತೀವಿ. ಈಗ ಸುಮ್ನೆ ಮಲ್ಕೊಳ್ಳಿ."

ಗೋಡೆ ಗಡಿಯಾರದಲ್ಲಿ ಹನ್ನೆರಡೂ ಇಪ್ಪತ್ತಾಗಿತ್ತು. ಆವಲಪ್ಪ ಒಳಗೆ ನಿಲ್ಲಲಾರದೆ ಹೊರಗೆ ಹೋದ. ಕಮಲಮ್ಮ ಮಂಚದ ಮೇಲೆ ಮಲಗಿ ತನ್ನದೇ ರಕ್ತವನ್ನು ನೋಡುತ್ತಿದ್ದಳು. ಕಿರುಬೆರಳಷ್ಟು ಉದ್ದ, ಕಪ್ಪುಗೆಂಪು. ಫ್ಯಾನಿನ ಗಾಳಿಗೆ ಅದರ ಮೇಲ್ಮೈ ಅಲುಗಿದಂತೆ ಕಂಡಿತು. ಅಲುಗಿದರೆ ನೀರು. ಇಲ್ಲ, ಅಲುಗಲಿಲ್ಲ. ಮತ್ತೆ ಅಲುಗಿತು.

ರಾಮಮ್ಮ ಮಂಚದ ಪಕ್ಕ ನೆಲದ ಮೇಲೆ ಕೂತು ಸೊಸೆಯ ಪಾದವನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಇದ್ದಕ್ಕಿದ್ದಂತೆ ಮಾತಾಡತೊಡಗಿದಳು, ಕಿವುಡರು ಮಾತಾಡುವಂತೆ ಸ್ವಲ್ಪ ಜೋರಾಗಿ.

"ಅವತ್ತು ನಾನ್ ಕಿರುಚ್ಬುಟ್ಟೆ ಕಮಲಾ."

"ಯಾವತ್ತು ಅತ್ತೆ?"

ಮುದುಕಿಗೆ ಕೇಳಿಸಲಿಲ್ಲ. "ಇಬ್ರೂ ಒಲದಾಗೆ ಕುಯ್ದಿದ್ ರಾಗೀನ ಅರಿ ಕಟ್ತಾ ಇದ್ವಿ. ನಿಮ್ ಮಾವ್ನೋರ್ ಕಾಲ್ತಾವ್ಲೇ ಮಲ್ಗಿತ್ತು. ಅವ್ರು ನೋಡಿರ್ನಿಲ್ಲ, ನಾನ್ ನೋಡ್ದೆ. ನೋಡಿದ್ದೇ ಕಿಟಾರ್ ಅಂತ ಕಿರುಚ್ದೆ. ಏನೋ ಅಂತ ಗಾಬ್ರಿಯಾಗಿ ಅವ್ರು ಕಾಲು ಎಳ್ಕೊಂಡ್ರು, ಅದು ಕಚ್ಬುಡ್ತು. ಸುಮ್ಕಿದ್ದಿದ್ರೆ ಅದ್ರ ಪಾಡಿಗ್ ಅದು ಓಗ್ತಿತ್ತು. ಇಷ್ಟ್ ವರ್ಸ ಯಾರ್ಗೂ ಯೋಳಿಲ್ಲ, ಆವಲಪ್ಪಂಗೂ ಯೋಳಿಲ್ಲ." ಅವಳು ಸೊಸೆಯ ಪಾದವನ್ನು ಹಣೆಗೆ ಒತ್ತಿಕೊಂಡಳು. "ಇವತ್ತು ಬಾಯಿ ಕಚ್ಚಿ ಇಡ್ಕೊಂಡೆ ಕಣವ್ವ. ನಾಲ್ಗೆ ಕಿತ್ಕೊಂಡಿದೆ ನೋಡು."

ಬಾಯಿ ತೆರೆದು ತೋರಿಸಿದಳು. ನಾಲಿಗೆಯ ಅಂಚಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಕಮಲಮ್ಮನಿಗೆ ಅಳು ಬಂತು. ಆದರೆ ಅಳುವಾಗಲೂ ಕಣ್ಣು ನಳಿಗೆಯ ಮೇಲೆಯೇ ಇತ್ತು.

ಹನ್ನೆರಡೂ ನಲವತ್ತಕ್ಕೆ ಡಾಕ್ಟರು ಬಂದಳು. ನಳಿಗೆಯನ್ನು ಎರಡು ಬೆರಳಿನಲ್ಲಿ ಎತ್ತಿ ಮೆಲ್ಲಗೆ ಬಗ್ಗಿಸಿದಳು. ರಕ್ತ ಜಾರಲಿಲ್ಲ. ಇನ್ನೂ ಬಗ್ಗಿಸಿದಳು, ಪೂರ್ತಿ ತಲೆಕೆಳಗು ಮಾಡಿದಳು. ಬೆಲ್ಲದ ಪಾಕ ಗಟ್ಟಿಯಾದಂತೆ ಹಾಗೇ ಹಿಡಿದುಕೊಂಡಿತ್ತು.

"ಏನೂ ಇಲ್ಲಮ್ಮ. ಆದ್ರೂ ನಾಳೆ ಬೆಳಗ್ಗೆವರೆಗೂ ಇರಿ, ಮಧ್ಯೆ ಮಧ್ಯೆ ಇನ್ನೂ ನೋಡ್ತೀವಿ."

ಆಮೇಲೆ ನೋಡಿದಾಗಲೆಲ್ಲ ರಕ್ತ ಗಟ್ಟಿಯಾಗಿಯೇ ಇತ್ತು. ಹಾವು ಕಡಿದಿರಲಿಲ್ಲ.

ಹೆದರಿಕೆ ಮಾತ್ರ ಅವಳ ಜೊತೆ ಮನೆಗೆ ಬಂತು. ಕುಕ್ಕರು ಸದ್ದು ಮಾಡುವ ಮೊದಲೇ ಅಡಿಗೆಮನೆಯಿಂದ ಆಚೆ ಬರುತ್ತಿದ್ದಳು. ದೊಮ್ಮಸಂದ್ರದ ಸ್ಟಾಪಿನಲ್ಲಿ ಬಸ್ಸಿನ ಬಾಗಿಲು ಬುಸ್ಸೆಂದು ತೆರೆದರೆ ಎರಡು ಹೆಜ್ಜೆ ಹಿಂದೆ ಹಾರಿ, ಜನ ನಗುವಂತಾಗುತ್ತಿತ್ತು. ಈಶಪ್ಪನನ್ನು ಕರೆದು ಕೇಳಿದಳು: "ಅದ್ನ ಎಲ್ ಬುಟ್ಟೆಪ್ಪಾ?"

"ಕೆರಿ ಏರಿ ಆಚಿಗಿ ಬಿಟ್ಟೇನ್ರಿ ಅವ್ವಾ. ಹೆದರಬ್ಯಾಡ್ರಿ, ಅದಕ್ಕ ನಿಮ್ಮ ಮನಿ ಅಡ್ರೆಸ್ ಏನ್ ಗೊತ್ತಿರತೈತಿ?"

"ಇನ್ನೊಂದು ಇದ್ರೆ?"

ಈಶಪ್ಪ ಮೆದೆಯ ಕಡೆ ನೋಡಿದ. ಆ ನೋಟವೇ ಅವಳಿಗೆ ಸಾಕಾಯಿತು. ಮೆದೆಯಲ್ಲಿದ್ದದ್ದು ವರ್ಷದ ಮುದ್ದೆ, ಮಗ್ಗದಲ್ಲಿದ್ದದ್ದು ಹನ್ನೆರಡು ದಿನಕ್ಕೆ ಮುಗಿಯಬೇಕಾದ ಮದುವೆಯ ಸೀರೆ. ಎರಡರ ಹತ್ತಿರ ಹೋಗುವುದಕ್ಕೂ ಅವಳ ಕಾಲು ಏಳುತ್ತಿರಲಿಲ್ಲ.

ಮೊದಲು ಮೆದೆ ಬಿಚ್ಚುವುದೆಂದಾಯಿತು. ಆವಲಪ್ಪ ಬಿದಿರಿನ ಗಳುವಿಗೆ ಕೊಕ್ಕೆ ಕಟ್ಟಿ ದೂರದಿಂದಲೇ ಒಂದೊಂದು ಕಂತೆ ಎಳೆದು ಹಾಕಿದ. ಈಶಪ್ಪ ಸರಳು ಹಿಡಿದು ನಿಂತ. ನೀನು ಒಳಗಿರು ಎಂದರೂ ಕಮಲಮ್ಮ ಒಳಗಿರಲಿಲ್ಲ. ಒಳಗೆ ಗುಂಡಿ ಇತ್ತಲ್ಲ. ಹಿತ್ತಲ ಬಾಗಿಲ ಕಲ್ಲಿನ ಮೇಲೆ ನಿಂತು, ಒಂದೊಂದು ಕಂತೆ ಬಿದ್ದಾಗಲೂ ಅದರ ಅಡಿಯನ್ನೇ ನೋಡುತ್ತಿದ್ದಳು. ಇಲಿಗಳು ಹಾರಿಹೋದವು. ಇಲಿಮರಿಗಳ ಗೂಡು ಸಿಕ್ಕಿತು. ಕಡೆಯ ಸಾಲಿನ ಅಡಿಯಲ್ಲಿ, ಗೋಡೆಯ ಬಿಲದ ಬಾಯಿಯಲ್ಲಿ, ಒಂದು ಪೊರೆ ಸಿಕ್ಕಿತು.

"ಇದು ಅದ್ರದ್ದೇನಾ?" ಕಮಲಮ್ಮ ಅಲ್ಲಿಂದಲೇ ಕೇಳಿದಳು.

ಈಶಪ್ಪ ಅದನ್ನು ಸರಳಿನ ತುದಿಯಲ್ಲಿ ಎತ್ತಿ ತಿರುಗಿಸಿ ನೋಡಿದ. "ಆಗಿರಬಹುದ್ರಿ. ಅಲ್ಲದಿರಲೂಬಹುದು. ಸುಳ್ಳ ಯಾಕ ಹೇಳ್ಲಿ."

ಬಿಲವನ್ನು ಜಲ್ಲಿ ಸಿಮೆಂಟು ಹಾಕಿ ಮುಚ್ಚಿದರು. ರಾಗಿಯನ್ನು ಅವತ್ತೇ ಊರ ಮುಂದಿನ ಟಾರು ರಸ್ತೆಗೆ ಹೊತ್ತು ಹರಡಿದರು. ಎರಡು ದಿನ ಮಾರತ್ತಹಳ್ಳಿ ಕಡೆಗೆ ಹೋಗುವ ಕ್ಯಾಬುಗಳೂ ಟಿಪ್ಪರುಗಳೂ ಅದರ ಮೇಲೆ ಹರಿದು ಒಕ್ಕಿಕೊಟ್ಟವು. ಕೆಲವು ಡ್ರೈವರುಗಳು ಬೈದರು, ಕೆಲವರು ಬೇಕೆಂದೇ ನಿಧಾನಕ್ಕೆ ತುಳಿದು ಹೋದರು. ಕಾಳು ತೂರಿ ಮೂಟೆ ಕಟ್ಟಿಯಾಯಿತು.

ಸೀರೆ ಉಳಿದಿತ್ತು. ಕಮಲಮ್ಮ ಬೆಳಗ್ಗೆ ಟಾರ್ಚು ಹಾಕಿ ಗುಂಡಿಯ ನಾಲ್ಕು ಮೂಲೆ ನೋಡಿದಳು. ಪೊರಕೆಯಿಂದ ಬಡಿದಳು. ಸೀಮೆಎಣ್ಣೆ ಚಿಮುಕಿಸಿದಳು. ಅಂಚಿಗೆ ಕೂತಳು. ಕಾಲು ಇಳಿಸಬೇಕೆಂದಾಗ ಮಂಡಿ ಮಡಚಿಕೊಂಡವು ಬಿಚ್ಚಲಿಲ್ಲ. ಮೂರು ದಿನ ಹೀಗೇ ಆಯಿತು. ಮೂರನೇ ದಿನ ಆವಲಪ್ಪ ಬೇಸರದಲ್ಲಿ ಅಂದ: "ಎಷ್ಟ್ ದಿವ್ಸ ಇಂಗೇ ಕುಂತಿರ್ತೀಯ? ಆವು ಓಯ್ತು. ಬಿಲ ಮುಚ್ಚಾಯ್ತು."

"ನೀವ್ ಇಳ್ಸಿ ನೋಡಿ ಕಾಲ್ನ," ಅಂದಳು ಕಮಲಮ್ಮ.

ಅವನು ಗುಂಡಿಯ ಹತ್ತಿರ ಹೋದ. ಬಗ್ಗಿ ನೋಡಿದ. ಕಾಲು ಇಳಿಸಲಿಲ್ಲ. ಆಮೇಲೆ ಅವನು ಆ ಮಾತೆತ್ತಲಿಲ್ಲ.

ಇಳಿಸಿದವಳು ರಾಮಮ್ಮ. ಕೋಲೂರಿಕೊಂಡು ಬಂದು, ಸೊಸೆಯನ್ನು ಪಕ್ಕಕ್ಕೆ ಸರಿಸಿ, ಉಸ್ಸೆಂದು ಕೂತು ಎರಡೂ ಕಾಲು ಬಿಟ್ಟಳು. ಅವಳ ಮುಖವೂ ಬಿಳಿಚಿಕೊಂಡಿತ್ತು. "ನಂಗೂ ಎದ್ರಿಕೆ ಕಣೆ," ಅಂದಳು, "ಆದ್ರೆ ನಂಗೇನ್, ಎಪ್ಪತ್ತೆರಡು." ಎಳೆ ಕಣ್ಣಿಗೆ ಕಾಣದೆ, ಬೆರಳಿನಿಂದಲೇ ಎಣಿಸಿಕೊಂಡು ನಾಲ್ಕು ಬೆರಳಗಲ ನೇಯ್ದಳು. ಅಷ್ಟಕ್ಕೆ ಸುಸ್ತಾಗಿ ಜರುಗಿ ಜಾಗ ಕೊಟ್ಟಳು. ಅತ್ತೆಯ ಕಾಲು ಕೆಳಗಿರುವಾಗಲೇ ಕಮಲಮ್ಮ ತನ್ನ ಕಾಲನ್ನೂ ಇಳಿಸಿದಳು. ಮುದುಕಿ ತನ್ನ ಪಾದವನ್ನು ಅವಳ ಪಾದಕ್ಕೆ ಒತ್ತಿಕೊಂಡು ಅಲ್ಲೇ ಕೂತಳು. ದಿನಾ ಹಾಗೇ. ಮೊದಲ ನಾಲ್ಕು ಬೆರಳು ಅತ್ತೆಯದು, ಉಳಿದದ್ದು ಸೊಸೆಯದು. ನೇಯುವಾಗೆಲ್ಲ ಕಮಲಮ್ಮನ ಬೆನ್ನು ಬೆವರುತ್ತಿತ್ತು, ಆದರೆ ಲಾಳಿ ಓಡಿತು.

ಸೀರೆ ಹನ್ನೊಂದನೇ ದಿನ ಮುಗಿಯಿತು. ರೇಷ್ಮೆ ಕೊಟ್ಟು ನೇಯಿಸುವ ಶ್ಯಾಮಣ್ಣನವರು ಸರ್ಜಾಪುರದ ತಮ್ಮ ಮನೆಯಲ್ಲಿ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಒಂದು ಕಡೆ ಬೆರಳಿಟ್ಟರು.

"ಇಲ್ಲಿ ಮಗ್ಗ ನಿಂತಿದೆ. ಇಲ್ಲಿಂದಾಚೆಗೆ ಅಲ್ಲಲ್ಲಿ ಕೈ ಬೇರೆ ಆಗಿದೆ. ಯಾರದಮ್ಮ ಇದು, ಇಷ್ಟು ಬಿಗಿ ಬಡಿತ?"

ಕಮಲಮ್ಮ ನಡೆದದ್ದನ್ನೆಲ್ಲ ಹೇಳಿದಳು. ಶ್ಯಾಮಣ್ಣನವರು ಸೀರೆಯನ್ನು ಮಡಿಚಿ ಒಳಗಿಟ್ಟರು.

"ರಾಮಮ್ಮನೋರ ಕೈ ಅಂದ್ರೆ ಸರಿ ಬಿಡು. ಮುಂದಿನ ಸೀರೆಗೆ ಹಾಸು ಏರಿಸೋಕ್ಕೆ ಮುಂಚೆ ಆ ಗುಂಡಿ ಮುಚ್ಸಿ. ಗುಂಡಿ ಬೇಡದ, ಕಾಲು ಮೇಲಿರೋ ಮಗ್ಗ ನಮ್ಮಲ್ಲಿ ಒಂದು ಖಾಲಿ ಬಿದ್ದಿದೆ, ತಗೊಂಡು ಹೋಗಿ."

ಸಂಕ್ರಾಂತಿ ಕಳೆದ ಮೇಲೆ ಆವಲಪ್ಪ ಹಳೇ ಮಗ್ಗ ಬಿಚ್ಚಿ ಗುಂಡಿಗೆ ಮಣ್ಣು ತುಂಬಿಸಿದ. ರಾಮಮ್ಮ ಹೊರಗೆ ಜಗಲಿಯಲ್ಲೇ ಕೂತಿದ್ದಳು, ಒಳಗೆ ಬರಲಿಲ್ಲ. ಕಮಲಮ್ಮ ನಿಂತು ನೋಡಿದಳು. ಗುಂಡಿಯ ತಳ ಮುಚ್ಚಿತು, ಮೂಲೆಗಳು ಮುಚ್ಚಿದವು, ಅಂಚಿಗೆ ಬಂತು, ದಮ್ಮಸು ಮಾಡಿ ಸಮ ಮಾಡಿದ್ದೂ ಆಯಿತು.

"ಇನ್ನೊಂದ್ ಬುಟ್ಟಿ ಆಕ್ಸಿ," ಅಂದಳು.

"ತುಂಬೋಯ್ತಲ್ಲೇ."

"ಇರ್ಲಿ. ಇನ್ನೊಂದ್ ಬುಟ್ಟಿ."

ಆವಲಪ್ಪ ಹಾಕಿದ. ಅಲ್ಲಿ ನೆಲ ಇವತ್ತಿಗೂ ಒಂದು ಬೆರಳು ಎತ್ತರಕ್ಕಿದೆ.

ಹೊಸ ಮಗ್ಗಕ್ಕೆ ಅವಳು ಬೆಂಚಿನ ಮೇಲೆ ಕೂತು ನೇಯುತ್ತಾಳೆ, ಪಾದ ಬೆಳಕಿನಲ್ಲಿರುತ್ತದೆ. ಆದರೂ ಕೂರುವ ಮೊದಲು ಬಗ್ಗಿ ನೋಡದೆ ಕೂರುವುದಿಲ್ಲ. ಮರುವರ್ಷದ ಕುಯ್ಲಿಗೆ ಈಶಪ್ಪ ಸೈಟಿನಿಂದ ತಂದುಕೊಟ್ಟ ಮಂಡಿಯುದ್ದದ ರಬ್ಬರು ಬೂಟು ಹಾಕಿಕೊಂಡು ಹೊಲಕ್ಕಿಳಿದಳು. ಕೆಲಸಕ್ಕೆ ಪ್ರತಿಕೆಲಸವೆಂದು ಮುಯ್ಯಾಳು ಬಂದ ಹೆಂಗಸರು ನಕ್ಕರು. ಅವಳು ಎಲ್ಲರಿಗಿಂತ ಮುಂದೆ ಹೋಗಿ ಕೋಲಿನಿಂದ ಸಾಲು ಸಾಲೂ ಬಡಿದು, ಆಮೇಲೆ ಕುಡುಗೋಲು ತೆಗೆದುಕೊಂಡಳು. ಮೆದೆಯನ್ನು ಹೊಲದ ಕಟ್ಟಕಡೆಯ ಮೂಲೆಯಲ್ಲಿ ಹಾಕಿಸಿದಳು.

"ಅಷ್ಟ್ ದೂರ ಆದ್ರೆ ದಿನಾ ಎರಡೆರಡ್ ಸಲ ನಡೀಬೇಕಲ್ಲೇ, ಮಗ್ಗದ್ ಕೆಲ್ಸ ಕೆಡ್ತದೆ," ಅಂದಳು ಗೌರಮ್ಮ.

"ಕೆಡ್ಲಿ," ಅಂದಳು ಕಮಲಮ್ಮ. "ಎರಡಕ್ಕೂ ನಡುವೆ ಅರ್ಧ ಮೈಲಿ ಇರ್ಲಿ. ನಾನೇ ನಡೀತೀನಿ."

ಎಂದು ಬೂಟು ಕಳಚಿ, ಬೋರಲು ಹಾಕಿ, ಹಿಮ್ಮಡಿಯನ್ನು ತಟ್ಟಿ ಕೊಡವಿದಳು. ಒಳಗಿನಿಂದ ನಾಲ್ಕು ರಾಗಿ ಕಾಳು ಬಿದ್ದವು.